ಗುಣಧನದ ಲೆಕ್ಕ: ಬಹುಪದೋಕ್ತಿಯ ಬೆಲೆ ಕಾಣುವ ಕ್ರಮದ ಹಿಂದಿನ ದಾರಿ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಗುಡಗೇರಿಯಲ್ಲಿ ದೊರೆತ ಶಕವರ್ಷ 998ರ ಜೈನ ಶಾಸನವು, ಎಂದರೆ ಕ್ರಿ.ಶ. 1076ರ ಸುಮಾರಿನದು, ಪುಲಿಗೆರೆಯ ಆನೆಸೆಜ್ಜೆಯ ಬಸದಿಗೆ ಸೇರಿದ ಭೂಮಿಯ ವಿಷಯವನ್ನು ಹೇಳುತ್ತದೆ. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿ ಹಿಂದೆ ಕಟ್ಟಿಸಿದ್ದ ಆ ಬಸದಿಯ ಹೊಲಗಳು ಧ್ವಜತಟಾಕವೆಂದು ಶಾಸನ ಕರೆಯುವ ಈ ಊರಿನಲ್ಲಿದ್ದವು. ಅವುಗಳ ಆಡಳಿತವನ್ನು ಕೈಗೆ ತೆಗೆದುಕೊಂಡ ಶ್ರೀನಂದಿ ಪಂಡಿತನು ಒಂದು ಭಾಗವನ್ನು ಋಷಿಗಳ ಆಹಾರದಾನಕ್ಕೆಂದು ಮೀಸಲಿಟ್ಟನು. ಪುಲಿಗೆರೆಯೆಂದರೆ ಗುಡಗೇರಿಗೆ ಸಮೀಪದ ಇಂದಿನ ಲಕ್ಷ್ಮೇಶ್ವರ. ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಪುಲಿಗೆರೆಯನ್ನೂ ಕನ್ನಡದ ತಿರುಳಿನ ನಾಡಿನ ಗಡಿಯೂರಾಗಿ ಹೆಸರಿಸಿದ ಕವಿರಾಜಮಾರ್ಗವು ಹುಟ್ಟಿದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ (814–878) ಆಸ್ಥಾನದಲ್ಲಿ. ಅದೇ ಅರಸನನ್ನು ಗ್ರಂಥದ ಮೊದಲಲ್ಲಿ ಸ್ತುತಿಸಿ, ಸುಮಾರು 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನು. ಬಸದಿ, ಭೂಮಿ, ದಾನ, ಲೆಕ್ಕ ಇವು ಒಂದನ್ನೊಂದು ಬಿಟ್ಟಿರದ ಈ ಸೀಮೆಯ ಬೌದ್ಧಿಕ ವಾತಾವರಣದಲ್ಲಿ ಗಣಿತವು ಪಂಡಿತರ ವಿನೋದ ಮಾತ್ರವಾಗಿರದೆ ದಾನಪತ್ರವನ್ನು ಕಾರ್ಯಕ್ಕೆ ತರುವವರ ಸಾಧನವೂ ಆಗಿತ್ತು. ಇಂದು ಗಣಕಯಂತ್ರಗಳು ಎಡೆಬಿಡದೆ ಮಾಡುವ ಒಂದು ಕೆಲಸದ, ಎಂದರೆ ಬಹುಪದೋಕ್ತಿಯ ಬೆಲೆ ಕಾಣುವುದರ, ಎರಡು ಮುಖ್ಯ ಉಪಾಯಗಳು ಮಹಾವೀರನ ಆ ಗ್ರಂಥದಲ್ಲಿ ಒಂದರ ಹತ್ತಿರ ಒಂದು ನಿಂತಿವೆ ಎಂಬ ಸಂಗತಿಗೆ ನಮ್ಮ ವಿದ್ಯಾಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಬಹುಪದೋಕ್ತಿಯೆಂದರೆ ಒಂದು ಅವ್ಯಕ್ತ ರಾಶಿಯ, ಎಂದರೆ ಬೆಲೆಯನ್ನು ಇನ್ನೂ ಹೇಳದೆ ಬಿಟ್ಟ ಸಂಖ್ಯೆಯ, ವರ್ಗ, ಘನ ಮೊದಲಾದ ಘಾತಗಳನ್ನು ಬೇರೆ ಬೇರೆ ಸಂಖ್ಯೆಗಳಿಂದ ಗುಣಿಸಿ ಕೂಡಿಸಿದ ಮೊತ್ತ; ಹಾಗೆ ಗುಣಿಸುವ ಸಂಖ್ಯೆಗಳಿಗೆ ಸಹಗುಣಕಗಳೆಂದು ಹೆಸರು. ಅವ್ಯಕ್ತಕ್ಕೆ ಒಂದು ನಿರ್ದಿಷ್ಟ ಬೆಲೆ ಕೊಟ್ಟಾಗ ಇಡೀ ಮೊತ್ತ ಎಷ್ಟಾಗುತ್ತದೆಂದು ಕಾಣುವುದೇ ಅದರ ಬೆಲೆ ಕಟ್ಟುವುದು. ಶಾಲೆಯ ಹಲಗೆಯ ಮೇಲೆ ಮಾತ್ರ ಕಾಣುವ ವಸ್ತುವೆಂದು ಇದನ್ನು ತಿಳಿಯುವುದು ಸರಿಯಲ್ಲ. ಗುಡಗೇರಿಯ ಶಾಸನದ ಶಕವರ್ಷವನ್ನೇ ತೆಗೆದುಕೊಂಡರೆ, 998 ಎಂಬುದು 9, 9, 8 ಎಂಬ ಸಹಗುಣಕಗಳುಳ್ಳ ಬಹುಪದೋಕ್ತಿಯಲ್ಲಿ ಅವ್ಯಕ್ತಕ್ಕೆ 10 ಎಂಬ ಬೆಲೆ ಕೊಟ್ಟಾಗ ಬರುವ ಮೊತ್ತವೇ ಆಗಿದೆ: ಹತ್ತರ ವರ್ಗದ ಒಂಬತ್ತರಷ್ಟು, ಹತ್ತರ ಒಂಬತ್ತರಷ್ಟು, ಮೇಲೆ ಎಂಟು. ಸ್ಥಾನಮೌಲ್ಯ ಪದ್ಧತಿಯಲ್ಲಿ ಬರೆದ ಪ್ರತಿಯೊಂದು ಸಂಖ್ಯೆಯೂ ಹೀಗೆ ಒಂದು ಬಹುಪದೋಕ್ತಿ. ಮಹಾವೀರನು ಇಂಥ ಸ್ಥಾನಗಳನ್ನು ಏಕದಿಂದ ಮಹಾಕ್ಷೋಭದವರೆಗೆ 24 ಹೆಸರುಗಳಲ್ಲಿ ಪಟ್ಟಿ ಮಾಡುತ್ತಾನೆ. ಗುಣಾಕಾರದ ಉದಾಹರಣೆಗಳಲ್ಲಿ 27994681ನ್ನು 441ರಿಂದ ಗುಣಿಸಿ 12345654321 ಎಂಬ ಕೊರಳಹಾರದಂಥ ಸಂಖ್ಯೆಯನ್ನು ಪಡೆಯುವಂತೆ ಓದುಗನಿಗೆ ಹೇಳುತ್ತಾನೆ. ಆ ಹಾರವು 111111ರ ವರ್ಗವೆಂಬುದನ್ನು ಗಮನಿಸಿದರೆ, ಸಮಾನ ಸಹಗುಣಕಗಳ ಎರಡು ಬಹುಪದೋಕ್ತಿಗಳನ್ನು ಗುಣಿಸಿದಾಗ ಸಹಗುಣಕಗಳು ಏರಿ ಇಳಿಯುವ ರೀತಿಯೇ ಅದರ ಸೊಬಗಿಗೆ ಕಾರಣವೆಂಬುದು ತಿಳಿಯುತ್ತದೆ.

ಬೆಲೆ ಕಾಣುವುದಕ್ಕೆ ಎರಡು ಹಾದಿಗಳಿವೆ. ಪ್ರತಿಯೊಂದು ಘಾತವನ್ನೂ ಬೇರೆ ಬೇರೆಯಾಗಿ ಕಟ್ಟಿ, ಅದರ ಸಹಗುಣಕದಿಂದ ಗುಣಿಸಿ, ಕೊನೆಗೆ ಎಲ್ಲವನ್ನೂ ಕೂಡಿಸುವುದು ಒಂದು. ಅತ್ಯಂತ ದೊಡ್ಡ ಘಾತದ ಸಹಗುಣಕದಿಂದ ಹೊರಟು, ಅವ್ಯಕ್ತದ ಬೆಲೆಯಿಂದ ಗುಣಿಸಿ ಮುಂದಿನ ಸಹಗುಣಕವನ್ನು ಸೇರಿಸುವುದು, ಬಂದುದನ್ನು ಮತ್ತೆ ಗುಣಿಸಿ ಮತ್ತೆ ಸೇರಿಸುವುದು, ಹೀಗೆ ಕೊನೆಯವರೆಗೆ ಸಾಗುವುದು ಇನ್ನೊಂದು. ಒಂದು ಆವರಣದೊಳಗೆ ಇನ್ನೊಂದು ಆವರಣ ಕೂರುವ ಕಾರಣ ಇದನ್ನು ಒಳಸೇರಿಕೆಯ ಕ್ರಮವೆನ್ನಬಹುದು. ಹನ್ನೆರಡನೆಯ ಘಾತದವರೆಗೆ ಹೋಗುವ ಬಹುಪದೋಕ್ತಿಗೆ ಮೊದಲ ಹಾದಿಯಲ್ಲಿ, ಪ್ರತಿ ಘಾತವನ್ನೂ ಹೊಸದಾಗಿ ಕಟ್ಟುತ್ತ ಹೋದರೆ, 78 ಗುಣಾಕಾರಗಳು ಬೇಕು. ಹಿಂದಿನ ಘಾತವನ್ನು ಉಳಿಸಿಕೊಂಡು ಮುಂದಿನದನ್ನು ಕಟ್ಟಿದರೆ 23 ಸಾಕು. ಒಳಸೇರಿಕೆಯ ಕ್ರಮದಲ್ಲಿ ಹನ್ನೆರಡೇ ಹನ್ನೆರಡು. ಕೈಯಿಂದ ಲೆಕ್ಕ ಮಾಡುತ್ತಿದ್ದ ಕಾಲದಲ್ಲಿ ಈ ವ್ಯತ್ಯಾಸವೆಂದರೆ ಅರ್ಧ ದಿನದ ಶ್ರಮ ಉಳಿಯುವುದಷ್ಟೇ ಅಲ್ಲ, ತಪ್ಪು ನುಸುಳುವ ಸಂದರ್ಭಗಳೂ ಅಷ್ಟರಮಟ್ಟಿಗೆ ಕಡಿಮೆಯಾಗುವುದು.

ಎರಡನೆಯ ಹಾದಿಯು ಹಳ್ಳಿಯ ಲೆಕ್ಕಿಗರಿಗೆ ಸೂತ್ರವಾಗಿ ಗೊತ್ತಿರದಿದ್ದರೂ ಕೈಯಲ್ಲಿತ್ತು. ಶಾಸನಗಳು ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳಿ, ಅಳೆದ ಕೋಲು ಯಾವುದೆಂಬುದನ್ನೂ ಹಲವು ಸಲ ಸೂಚಿಸುತ್ತವೆ. ದೊಡ್ಡ ಮಾನವನ್ನು ಚಿಕ್ಕ ಮಾನಕ್ಕೆ ಇಳಿಸಿ ಕೂಡಿಸುವ ಅಗತ್ಯ ಅಂದಿನಿಂದಲೂ ಇದ್ದದ್ದೇ. ಈ ಸೀಮೆಯ ಸಮೀಪದ ಕಾಲದ ಸ್ಪಷ್ಟವಾದ ನಿದರ್ಶನ ಮುಂಬಯಿ ಪ್ರಾಂತದ ಕಂದಾಯ ಮೋಜಣಿಯದು. 1840ರ ದಶಕದಲ್ಲಿ ದಕ್ಷಿಣ ಮರಾಠಾ ದೇಶವೆಂದು ಕರೆಯಲಾಗುತ್ತಿದ್ದ ಈ ಭಾಗದ ಮೋಜಣಿಯ ಅಧೀಕ್ಷಕನಾಗಿದ್ದ ಜಾರ್ಜ್ ವಿಂಗೇಟ್, ಗೋಲ್ಡ್‌ಸ್ಮಿಡ್ ಮತ್ತು ಡೇವಿಡ್‌ಸನ್ನರೊಡನೆ 1847ರಲ್ಲಿ ಸಲ್ಲಿಸಿದ ಜಂಟಿ ವರದಿಯು ಆ ಪ್ರಾಂತದ ಮೋಜಣಿ ಪದ್ಧತಿಯ ತಳಹದಿಯಾಯಿತು. 33 ಅಡಿ ಉದ್ದದ ಸರಪಳಿಯನ್ನು 16 ಆಣೆಗಳಾಗಿ ಭಾಗಿಸಲಾಗಿತ್ತು; ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವು 1089 ಚದರಡಿಯಾಗಿ ಒಂದು ಗುಂಟೆಯಾಗುತ್ತಿತ್ತು; 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 16 ಆಣೆ. 5 ಎಕರೆ 23 ಗುಂಟೆ 9 ಆಣೆಯ ಎರೆಹೊಲವನ್ನು ಆಣೆಗಳಿಗೆ ಇಳಿಸಬೇಕಾದಾಗ ಅನುಭವಿ ಕುಲಕರ್ಣಿಯಾದವನು ಎಕರೆಗೆ 640 ಆಣೆಯೆಂದು ಬೇರೆ, ಗುಂಟೆಗೆ 16 ಆಣೆಯೆಂದು ಬೇರೆ ಲೆಕ್ಕ ಹಾಕಿ ಕೂಡಿಸಬೇಕಾಗಿರಲಿಲ್ಲ: ಐದು ನಾಲ್ವತ್ತಲೆ ಇನ್ನೂರು, ಇಪ್ಪತ್ಮೂರು ಸೇರಿ 223, ಅದನ್ನು ಹದಿನಾರರಿಂದ ಗುಣಿಸಿ 3568, ಒಂಬತ್ತು ಸೇರಿ 3577. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಹಣದ ಲೆಕ್ಕವೂ, 1957ರಲ್ಲಿ ದಶಮಾಂಶ ನಾಣ್ಯ ಬರುವವರೆಗೆ, ಇದೇ ಜಾಡಿನಲ್ಲಿ ನಡೆಯಿತು. ಇಲ್ಲಿ ಗುಣಿಸುವ ಸಂಖ್ಯೆ ಹೆಜ್ಜೆಹೆಜ್ಜೆಗೆ ಬದಲಾಗುತ್ತದೆ, ಬಹುಪದೋಕ್ತಿಯಲ್ಲಿ ಅದು ಒಂದೇ ಆಗಿರುತ್ತದೆ. ಕ್ರಮ ಮಾತ್ರ ಎರಡರಲ್ಲೂ ಅದೇ. ಗುಡಗೇರಿಯಂಥ ಊರುಗಳಲ್ಲಿ ಇಂದಿಗೂ ಉತಾರದ ಮೇಲೆ ಎಕರೆ ಮತ್ತು ಗುಂಟೆಗಳು ಉಳಿದುಕೊಂಡಿರುವುದರಿಂದ ಈ ಲೆಕ್ಕ ಪೂರ್ತಿ ಮರೆಯಾಗಿಲ್ಲ.

ಕೈಯಲ್ಲಿದ್ದುದನ್ನು ಸೂತ್ರದಲ್ಲಿ ಹಿಡಿಯುವುದು ಬೇರೆಯೇ ಸಾಧನೆ. ಗಣಿತಸಾರಸಂಗ್ರಹದ ಪರಿಕರ್ಮ ವ್ಯವಹಾರವೆಂಬ ಅಧ್ಯಾಯದಲ್ಲಿ ಮಹಾವೀರನು ಗುಣೋತ್ತರ ಶ್ರೇಢಿಯನ್ನು, ಎಂದರೆ ಪ್ರತಿ ಪದವೂ ಹಿಂದಿನ ಪದದ ನಿಶ್ಚಿತ ಪಟ್ಟು ಆಗಿರುವ ಸಾಲನ್ನು, ವಿಸ್ತಾರವಾಗಿ ಚರ್ಚಿಸುತ್ತಾನೆ. ಮೊದಲ ಪದ ಆದಿ, ಪಟ್ಟು ಗುಣ, ಪದಗಳ ಎಣಿಕೆ ಗಚ್ಛ. ಆದಿಯನ್ನು ಗುಣದಿಂದ ಗಚ್ಛದಷ್ಟು ಸಲ ಗುಣಿಸಿದಾಗ ಬರುವುದು ಗುಣಧನ. ಆ ಗುಣಧನದಿಂದ ಆದಿಯನ್ನು ಕಳೆದು, ಒಂದು ಕಡಿಮೆ ಮಾಡಿದ ಗುಣದಿಂದ ಭಾಗಿಸಿದರೆ ಶ್ರೇಢಿಯ ಮೊತ್ತ ಬರುತ್ತದೆಂಬುದು ಅವನು ಕೊಡುವ ನಿಯಮ. ಶ್ರೇಢಿಯ ಮೊತ್ತವೆಂದರೆ ಎಲ್ಲ ಸಹಗುಣಕಗಳೂ ಒಂದೇ ಆಗಿರುವ ಬಹುಪದೋಕ್ತಿಯ ಬೆಲೆಯೇ ಆದುದರಿಂದ, ಅದನ್ನು ಕಾಣುವ ಕೆಲಸವು ಈಗ ಒಂದೇ ಒಂದು ದೊಡ್ಡ ಘಾತವನ್ನು ಕಟ್ಟುವ ಕೆಲಸಕ್ಕೆ ಇಳಿಯಿತು. ಆ ಘಾತವನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಅವನು ಕೂಡಲೇ ಇನ್ನೊಂದು ನಿಯಮ ಹೇಳುತ್ತಾನೆ: ಗಚ್ಛವು ಸಮಸಂಖ್ಯೆಯಾದರೆ ಅರ್ಧಮಾಡಿ ಸೊನ್ನೆಯ ಗುರುತು ಇಡಬೇಕು, ವಿಷಮವಾದರೆ ಒಂದು ಕಳೆದು ಒಂದರ ಗುರುತು ಇಡಬೇಕು, ಏನೂ ಉಳಿಯದವರೆಗೆ ಹೀಗೆ ಮಾಡಿ ಕೊನೆಯ ಗುರುತಿನಿಂದ ಹಿಂದಕ್ಕೆ ಬರುತ್ತ, ಒಂದು ಇದ್ದಲ್ಲಿ ಗುಣದಿಂದ ಗುಣಿಸಿ, ಸೊನ್ನೆ ಇದ್ದಲ್ಲಿ ವರ್ಗ ಮಾಡಬೇಕು.

ಗುಣ 3, ಗಚ್ಛ 13 ಎಂದು ಇಟ್ಟುಕೊಂಡು ಈ ನಿಯಮವನ್ನು ನಡೆಸಿ ನೋಡಬಹುದು. 13 ವಿಷಮ, ಒಂದು ಕಳೆದು 12, ಗುರುತು ಒಂದು. 12ರ ಅರ್ಧ 6, ಸೊನ್ನೆ. 6ರ ಅರ್ಧ 3, ಸೊನ್ನೆ. 3ರಿಂದ ಒಂದು ಕಳೆದು 2, ಒಂದು. 2ರ ಅರ್ಧ 1, ಸೊನ್ನೆ. ಕೊನೆಗೆ ಒಂದು ಕಳೆದು ಏನೂ ಉಳಿಯದು, ಒಂದು. ಈಗ ಹಿಂದಕ್ಕೆ ಬಂದರೆ: 3, ಅದರ ವರ್ಗ 9, ಮೂರರಿಂದ ಗುಣಿಸಿ 27, ವರ್ಗ 729, ವರ್ಗ 531441, ಮತ್ತೆ ಮೂರರಿಂದ ಗುಣಿಸಿ 1594323. ಹನ್ನೆರಡು ಗುಣಾಕಾರಗಳ ಜಾಗದಲ್ಲಿ ಐದು ಸಾಕಾದವು. ಇದರಿಂದ ಒಂದನ್ನು ಕಳೆದು ಎರಡರಿಂದ ಭಾಗಿಸಿದರೆ 797161. ಒಂದರಿಂದ ಮೊದಲಾಗಿ ಮೂರರ ಹನ್ನೆರಡನೆಯ ಘಾತದವರೆಗಿನ ಹದಿಮೂರು ಪದಗಳ ಮೊತ್ತವೇ ಅದು. ಗಚ್ಛ ಸಾವಿರವಾದರೂ ಅರ್ಧ ಮಾಡುತ್ತ ಹೋದರೆ ಹತ್ತು ಸಲದೊಳಗೆ ಮುಗಿಯುವುದರಿಂದ, ಗಚ್ಛ ದೊಡ್ಡದಾದಷ್ಟೂ ಈ ನಿಯಮದ ಬಲ ಹೆಚ್ಚು ಎದ್ದು ಕಾಣುತ್ತದೆ.

ಅರ್ಧ ಮಾಡಿ ವರ್ಗ ಮಾಡುವ ಈ ಉಪಾಯ ಮಹಾವೀರನ ಸ್ವಂತದ್ದಲ್ಲ. ಅವನಿಗಿಂತ ಬಹಳ ಹಿಂದೆ ಪಿಂಗಲನು ಛಂದಃಶಾಸ್ತ್ರದ ಎಂಟನೆಯ ಅಧ್ಯಾಯದಲ್ಲಿ, ನಿರ್ದಿಷ್ಟ ಅಕ್ಷರಗಳ ಪಾದದಲ್ಲಿ ಗುರುಲಘುಗಳ ಎಷ್ಟು ವಿನ್ಯಾಸಗಳು ಸಾಧ್ಯವೆಂದು ಎಣಿಸುವುದಕ್ಕಾಗಿ, ಎರಡರ ಘಾತವನ್ನು ಇದೇ ಬಗೆಯಲ್ಲಿ ಕಟ್ಟಿದ್ದನು. ಗಣಕವಿಜ್ಞಾನದ ಪ್ರಸಿದ್ಧ ಲೇಖಕ ಡೊನಾಲ್ಡ್ ಕನೂತ್ ಈ ವಿಧಾನದ ಚರಿತ್ರೆಯನ್ನು ಬರೆಯುವಾಗ ಪಿಂಗಲನಿಂದಲೇ ಆರಂಭಿಸುತ್ತಾರೆ. ಮಹಾವೀರನ ಕೊಡುಗೆ ಏನೆಂದರೆ ಛಂದಸ್ಸಿನ ಒಂದು ಎಣಿಕೆಗೆ ಅಂಟಿಕೊಂಡಿದ್ದ ಆ ಸೂತ್ರವನ್ನು ಯಾವ ಗುಣಕ್ಕಾದರೂ ಸಲ್ಲುವಂತೆ ಶ್ರೇಢಿಯ ಮೊತ್ತದೊಡನೆ ಸೇರಿಸಿ, ಪಾಠ್ಯಗ್ರಂಥದಲ್ಲಿ ಕ್ರಮವಾಗಿ ಇಟ್ಟದ್ದು. ಇದಕ್ಕೆ ಜೈನ ಪರಂಪರೆಯ ಒತ್ತಾಸೆಯೂ ಇತ್ತೆಂಬುದು ಗಮನಿಸಬೇಕಾದ ಮಾತು. ಲೋಕದ ಪ್ರಮಾಣವನ್ನೂ ಕಾಲದ ಪ್ರಮಾಣವನ್ನೂ ಊಹಾತೀತವಾದ ಸಂಖ್ಯೆಗಳಲ್ಲಿ ಹೇಳುವ ಜೈನಾಗಮಗಳಿಗೆ ದೊಡ್ಡ ಘಾತಗಳೊಡನೆ ವ್ಯವಹರಿಸುವುದು ಅನಿವಾರ್ಯವಾಗಿತ್ತು. ಮಹಾವೀರನಿಗಿಂತ ತುಸು ಹಿಂದಿನ ವೀರಸೇನಾಚಾರ್ಯನ ಧವಳಾ ಟೀಕೆಯಲ್ಲಿ ಬರುವ ಅರ್ಧಚ್ಛೇದವೆಂಬ ಪರಿಭಾಷೆಯ ಅರ್ಥ, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೆಂಬ ಎಣಿಕೆ; ಹದಿನಾರಕ್ಕೆ ಅದು ನಾಲ್ಕು, ಮೂವತ್ತೆರಡಕ್ಕೆ ಐದು. ಮೇಲಿನ ನಿಯಮದಲ್ಲಿ ಎಷ್ಟು ಸೊನ್ನೆಗಳು ಬರುತ್ತವೆಂಬುದನ್ನು ನಿರ್ಧರಿಸುವುದು ಇಂಥ ಎಣಿಕೆಯೇ. ಆ ಧವಳಾದ ಹಳಗನ್ನಡ ಲಿಪಿಯ ಓಲೆಗರಿಗಳು ಶತಮಾನಗಳ ಕಾಲ ಉಳಿದುಕೊಂಡದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಎಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ.

ಗುಣಧನದ ಚರ್ಚೆ ಮುಗಿಯುವ ಮೊದಲು ಮಹಾವೀರನು ಒಂದು ತಿರುವುಮುರುವಾದ ಪ್ರಶ್ನೆಯನ್ನು ಎತ್ತುತ್ತಾನೆ. ಈ ಬರಹದ ಮಟ್ಟಿಗೆ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ ಅದೇ. ಮೊತ್ತವೂ ಆದಿಯೂ ಗೊತ್ತಿದ್ದು ಗುಣ ಗೊತ್ತಿಲ್ಲದಿದ್ದರೆ ಅದನ್ನು ಹೇಗೆ ಕಾಣಬೇಕು? ಅವನ ನಿಯಮದ ತಾತ್ಪರ್ಯ ಹೀಗಿದೆ: ಮೊತ್ತವನ್ನು ಆದಿಯಿಂದ ಭಾಗಿಸಿ, ಬಂದುದರಿಂದ ಒಂದು ಕಳೆದು, ಒಂದು ಸಂಖ್ಯೆಯಿಂದ ಭಾಗಿಸಬೇಕು, ಬಂದ ಭಾಗಲಬ್ಧದಿಂದ ಮತ್ತೆ ಒಂದು ಕಳೆದು ಅದೇ ಸಂಖ್ಯೆಯಿಂದ ಭಾಗಿಸಬೇಕು, ಹೀಗೆ ಕೊನೆಯವರೆಗೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಯಾವುದೋ ಅದೇ ಗುಣ. ಅವನು ಕೊಡುವ ಲೆಕ್ಕಗಳಲ್ಲೊಂದರಲ್ಲಿ ಆದಿ 3, ಗಚ್ಛ 6, ಮೊತ್ತ 4095. ಮೂರರಿಂದ ಭಾಗಿಸಿದರೆ 1365. ಒಂದು ಕಳೆದರೆ 1364. ಈ 1364ನ್ನು ಶೇಷವಿಲ್ಲದೆ ಭಾಗಿಸುವ ಚಿಕ್ಕ ಸಂಖ್ಯೆಗಳನ್ನು ಪರೀಕ್ಷಿಸಬೇಕು. ಎರಡರಿಂದ ಭಾಗಿಸಿದರೆ 682, ಒಂದು ಕಳೆದರೆ 681, ಅದು ಎರಡರಿಂದ ಹೋಗದು, ಆದ್ದರಿಂದ ಎರಡು ಬಿದ್ದುಹೋಯಿತು. ನಾಲ್ಕರಿಂದ ಭಾಗಿಸಿದರೆ 341. ಒಂದು ಕಳೆದು 340, ನಾಲ್ಕರಿಂದ 85. 84, ನಾಲ್ಕರಿಂದ 21. 20, ನಾಲ್ಕರಿಂದ 5. 4, ನಾಲ್ಕರಿಂದ 1. ಆರು ಪದಗಳೂ ಸರಿಯಾಗಿ ಕಳಚಿಕೊಂಡವು, ಗುಣ ನಾಲ್ಕು. ಹನ್ನೊಂದನ್ನು ಪರೀಕ್ಷಿಸಿದರೆ 124 ಬಂದು 123ರಲ್ಲಿ ನಿಂತುಹೋಗುತ್ತದೆ.

ಇದೇ ಹೆಜ್ಜೆಗಳನ್ನು ಕೊನೆಯಿಂದ ಮೊದಲಿಗೆ ಓದಿದರೆ ಒಳಸೇರಿಕೆಯ ಕ್ರಮ ಪೂರ್ಣವಾಗಿ ಸಿಗುತ್ತದೆ: 1, ನಾಲ್ಕರಿಂದ ಗುಣಿಸಿ ಒಂದು ಸೇರಿಸಿ 5, ಹಾಗೆಯೇ 21, 85, 341, 1365. ಬಹುಪದೋಕ್ತಿಯನ್ನು ಹೊರಗಿನ ಆವರಣದಿಂದ ಒಳಗಿನ ಆವರಣದವರೆಗೆ ಒಂದೊಂದಾಗಿ ಬಿಚ್ಚಬಹುದೆಂದು ತಿಳಿದವನಿಗೆ ಮಾತ್ರ ಈ ನಿಯಮ ಹೊಳೆಯುವುದು ಸಾಧ್ಯ. ಆದರೂ ಇದರ ಮಿತಿಯನ್ನು ಮರೆಯಬಾರದು. ಮಹಾವೀರನ ಶ್ರೇಢಿಯಲ್ಲಿ ಸಹಗುಣಕಗಳೆಲ್ಲ ಒಂದೇ. ಬೇರೆ ಬೇರೆ ಸಹಗುಣಕಗಳ ಯಾವ ಬಹುಪದೋಕ್ತಿಗಾದರೂ ಸಲ್ಲುವ ಸಾಮಾನ್ಯ ನಿಯಮವನ್ನು ಅವನು ಹೇಳಿಲ್ಲ. ಗುಣವು ಪೂರ್ಣಸಂಖ್ಯೆಯಲ್ಲದಿದ್ದರೆ ಪರೀಕ್ಷಾಭಾಜಕದ ಈ ಉಪಾಯ ನಡೆಯುವುದೂ ಇಲ್ಲ. ಅವನಿಗೆ ಇಲ್ಲದ ಕೀರ್ತಿಯನ್ನು ಹೊರಿಸದೆಯೇ, ಕ್ರಮದ ತಿರುಳು ಅವನ ಕೈಯಲ್ಲಿತ್ತೆಂದು ದೃಢವಾಗಿ ಹೇಳಬಹುದು.

ಗಣಿತಸಾರಸಂಗ್ರಹ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಕೊಂಡಿಮಂಡಲದ ಪೂವಿನಬಾಗೆಯ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದು, ಗಣಿತವನ್ನು ಸಂಸ್ಕೃತ ಬಾರದವರ ಕೈಗೂ ಎಟುಕುವಂತೆ ಮಾಡಿದನು. ಕನ್ನಡ ಲಿಪಿಯ ಓಲೆಪ್ರತಿಗಳ ನೆರವು ಪಡೆದು ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಲ್ಲಿ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದಿತು. ರಾಷ್ಟ್ರಕೂಟರ ಆಶ್ರಯದಲ್ಲಿ ಬರೆದ ಗ್ರಂಥವೊಂದು ಕನ್ನಡಕ್ಕೆ ಹೀಗೆ ಬರಲು ಹನ್ನೊಂದು ಶತಮಾನಗಳು ಹಿಡಿದವೆಂಬುದು ನೋವಿನ ಸಂಗತಿಯಾದರೂ, ಬಂದಿತೆಂಬುದು ದೊಡ್ಡ ಲಾಭ.

ಬೇರೆ ಬೇರೆ ಸಹಗುಣಕಗಳ ಬಹುಪದೋಕ್ತಿಗಳನ್ನು ಬರೆದಿಡುವ ವ್ಯವಸ್ಥೆ ಬಲಿತದ್ದು ಬೀಜಗಣಿತದಲ್ಲಿ. ಶಕ 1036ರಲ್ಲಿ, ಎಂದರೆ 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರು, ಖಾನದೇಶದ ಪಾಟಣದ ಸಮೀಪದ್ದೆಂದು ಇನ್ನು ಕೆಲವರು ವಾದಿಸಿದ್ದಾರೆ. ಅವನ ಬೀಜಗಣಿತದಲ್ಲಿ ಅವ್ಯಕ್ತಕ್ಕೆ ಯಾ, ಅದರ ವರ್ಗಕ್ಕೆ ಯಾವ, ಘನಕ್ಕೆ ಯಾಘ, ವ್ಯಕ್ತ ಸಂಖ್ಯೆಗೆ ರೂ ಎಂಬ ಸಂಕ್ಷೇಪಗಳಿದ್ದು, ಸಹಗುಣಕವನ್ನು ಅವುಗಳ ಪಕ್ಕದಲ್ಲಿ ಬರೆಯಲಾಗುತ್ತದೆ. ಋಣಸಂಖ್ಯೆಗೆ ಮೇಲೊಂದು ಚುಕ್ಕೆ. ಒಂದು ಲೆಕ್ಕದಲ್ಲಿ ಅವ್ಯಕ್ತದ ನಾಲ್ಕನೆಯ ಘಾತದಿಂದ ಅದರ ವರ್ಗದ ಎರಡರಷ್ಟನ್ನೂ ಅದರ ನಾನೂರರಷ್ಟನ್ನೂ ಕಳೆದರೆ 9999 ಬರುತ್ತದೆ, ಅವ್ಯಕ್ತ ಎಷ್ಟು ಎಂದು ಅವನು ಕೇಳುತ್ತಾನೆ; ಎರಡೂ ಪಕ್ಷಗಳಿಗೆ ತಕ್ಕ ರಾಶಿಯನ್ನು ಸೇರಿಸಿ ವರ್ಗಗಳಾಗಿ ಮಾಡುವ ಜಾಣ್ಮೆಯಿಂದ ಅವನು ಪಡೆಯುವ ಉತ್ತರ 11. ಉತ್ತರವನ್ನು ತಾಳೆ ನೋಡುವುದಕ್ಕೆ ಒಳಸೇರಿಕೆಯ ಕ್ರಮಕ್ಕಿಂತ ಹಗುರವಾದ ಹಾದಿಯಿಲ್ಲ: 1, ಹನ್ನೊಂದರಿಂದ ಗುಣಿಸಿ 11, ಘನ ಇಲ್ಲದಿರುವುದರಿಂದ ಸೇರಿಸುವುದೇನೂ ಇಲ್ಲ, 121ರಿಂದ 2 ಕಳೆದು 119, 1309ರಿಂದ 400 ಕಳೆದು 909, ಕೊನೆಗೆ 9999.

ಒಳಸೇರಿಕೆಯ ಕ್ರಮವು ಭಾರತದಲ್ಲಿ ಅತ್ಯಂತ ಪ್ರೌಢವಾಗಿ ಕಾಣಿಸುವುದು ಕೇರಳದಲ್ಲಿ, ಹದಿನಾಲ್ಕನೆಯ ಶತಮಾನದ ಸಂಗಮಗ್ರಾಮದ ಮಾಧವನಲ್ಲಿ. ಗ್ರಹಗಣಿತಕ್ಕೆ ಬೇಕಾದ ಜ್ಯಾ, ಎಂದರೆ ಇಂದಿನ ಸೈನ್, ಯಾವ ಚಾಪಕ್ಕಾದರೂ ನೇರವಾಗಿ ಸಿಗುವಂತೆ ಅವನು ಹನ್ನೊಂದನೆಯ ಘಾತದವರೆಗಿನ ಒಂದು ಬಹುಪದೋಕ್ತಿಯನ್ನು ಕಟ್ಟಿ, ಅದರ ಐದು ಸಹಗುಣಕಗಳನ್ನು ಕಟಪಯಾದಿ ಪದ್ಧತಿಯಲ್ಲಿ, ಎಂದರೆ ಅಕ್ಷರಕ್ಕೊಂದು ಅಂಕಿ ನಿಗದಿಪಡಿಸಿ, ಪದ್ಯದ ಮಾತುಗಳಲ್ಲಿ ಅಡಗಿಸಿದನು; ಅವುಗಳಲ್ಲಿ ಮೊದಲನೆಯದಾದ ವಿದ್ವಾನ್ ಎಂಬ ಶಬ್ದದಿಂದ 44 ಎಂಬ ಸಂಖ್ಯೆ ಬರುತ್ತದೆ. ವೃತ್ತಪಾದದಲ್ಲಿ 5400 ಕಲೆಗಳು. ಒಂದು ಕಲೆಗೆ 60 ವಿಕಲೆ, ಒಂದು ವಿಕಲೆಗೆ 60 ತತ್ಪರೆ. ಸಹಗುಣಕಗಳು ಕ್ರಮವಾಗಿ 44 ತತ್ಪರೆ. 33 ವಿಕಲೆ 6 ತತ್ಪರೆ. 16 ಕಲೆ 5 ವಿಕಲೆ 41 ತತ್ಪರೆ. 273 ಕಲೆ 57 ವಿಕಲೆ 47 ತತ್ಪರೆ. 2220 ಕಲೆ 39 ವಿಕಲೆ 40 ತತ್ಪರೆ. ಚಾಪವನ್ನು 5400ರಿಂದ ಭಾಗಿಸಿ ಬಂದುದರ ವರ್ಗದಿಂದ ಮೊದಲನೆಯದನ್ನು ಗುಣಿಸಿ ಎರಡನೆಯದರಿಂದ ಕಳೆಯಬೇಕು. ಉಳಿದುದನ್ನು ಅದೇ ವರ್ಗದಿಂದ ಗುಣಿಸಿ ಮೂರನೆಯದರಿಂದ ಕಳೆಯಬೇಕು. ಹೀಗೆ ಐದನೆಯದರವರೆಗೆ ಬಂದು, ಉಳಿದುದನ್ನು ಆ ಭಾಗಲಬ್ಧದ ಘನದಿಂದ ಗುಣಿಸಿ ಚಾಪದಿಂದಲೇ ಕಳೆಯಬೇಕು.

ಮೂವತ್ತು ಅಂಶದ ಚಾಪಕ್ಕೆ, ಎಂದರೆ 1800 ಕಲೆಗೆ, ಆ ಭಾಗಲಬ್ಧ ಮೂರನೆಯ ಒಂದು. ಅದರ ವರ್ಗ ಒಂಬತ್ತನೆಯ ಒಂದು. ಆದ್ದರಿಂದ ನಾಲ್ಕು ಸಲ ಒಂಬತ್ತರಿಂದ ಭಾಗಿಸುತ್ತ ಕಳೆಯುತ್ತ ಬಂದರೆ ಸುಮಾರು 2190.42 ಕಲೆ ಉಳಿಯುತ್ತದೆ. ಅದನ್ನು 27ರಿಂದ ಭಾಗಿಸಿ 1800ರಿಂದ ಕಳೆದರೆ 1718 ಕಲೆ 52 ವಿಕಲೆ 24 ತತ್ಪರೆ. ಮಾಧವನು ಹಿಡಿದ ತ್ರಿಜ್ಯ 3437 ಕಲೆ 44 ವಿಕಲೆ 48 ತತ್ಪರೆ; ಮೂವತ್ತು ಅಂಶದ ಜ್ಯಾ ಅದರ ಸರಿಯಾದ ಅರ್ಧವಾಗಬೇಕು, ಆಗಿಯೂ ಇದೆ. ಘಾತಗಳನ್ನು ಬೇರೆ ಬೇರೆಯಾಗಿ ಕಟ್ಟಿದ್ದರೆ ಮೂರರ ಹನ್ನೊಂದನೆಯ ಘಾತವಾದ 177147ರಿಂದ ಭಾಗಿಸುವ ಕಷ್ಟ ಎದುರಾಗುತ್ತಿತ್ತು. ಮಾಧವನ ಕ್ರಮದಲ್ಲಿ ಎಲ್ಲಿಯೂ ಅಂಥ ದೊಡ್ಡ ಭಾಜಕ ಬರುವುದಿಲ್ಲ, ಪ್ರತಿ ಹೆಜ್ಜೆಯಲ್ಲಿ ಉಳಿಯುವ ಸಂಖ್ಯೆಯೂ ತತ್ಪರೆಯವರೆಗೆ ಇಟ್ಟುಕೊಂಡರೆ ಸಾಕಾಗುವಷ್ಟು ಚಿಕ್ಕದು. ಬಾಯಿಪಾಠ ಮಾಡಿಕೊಂಡ ಐದು ಸಂಖ್ಯೆಗಳಿಂದ ಕವಡೆಗಳ ಮೇಲೆ ಲೆಕ್ಕ ಹಾಕುವ ಜ್ಯೋತಿಷಿಗೆ ಇದಕ್ಕಿಂತ ಉಪಕಾರಿಯಾದ ರಚನೆಯನ್ನು ಕಲ್ಪಿಸುವುದು ಕಷ್ಟ.

ಹೊರಗಿನ ಜಗತ್ತಿನಲ್ಲಿ ಈ ಕ್ರಮ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹುಟ್ಟಿತು. ಚೀನದ ಚಿನ್ ಜಿಯುಷಾವೋ 1247ರಲ್ಲಿ ಬರೆದ ಗ್ರಂಥದಲ್ಲಿ ದೊಡ್ಡ ಘಾತದ ಸಮೀಕರಣಗಳನ್ನು ಇದರ ನೆರವಿನಿಂದ ಬಿಡಿಸಿದ್ದಾನೆ. ಯುರೋಪಿನಲ್ಲಿ ನ್ಯೂಟನ್ನನಿಗೆ ಇದು ಗೊತ್ತಿತ್ತು, ಇಟಲಿಯ ರುಫಿನಿ 1804ರಲ್ಲಿ ಪ್ರಕಟಿಸಿದನು. ಆದರೆ ಇಂಗ್ಲೆಂಡಿನ ಶಾಲಾಮಾಸ್ತರ ವಿಲಿಯಂ ಜಾರ್ಜ್ ಹಾರ್ನರ್ 1819ರಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದ ನಂತರ ಅವನ ಹೆಸರೇ ಅದಕ್ಕೆ ಅಂಟಿಕೊಂಡಿತು. ಹಾರ್ನರನ ಉದ್ದೇಶವೂ ಸಮೀಕರಣ ಬಿಡಿಸುವುದೇ ಆಗಿತ್ತು. ಗಣಕಯಂತ್ರಗಳು ಬಂದಮೇಲೆ ಪ್ರಶ್ನೆ ಬೇರೆ ರೂಪ ತಾಳಿತು: ಇದಕ್ಕಿಂತ ಕಡಿಮೆ ಗುಣಾಕಾರಗಳಲ್ಲಿ ಬೆಲೆ ಕಾಣಲು ಸಾಧ್ಯವೇ? 1954ರಲ್ಲಿ ಒಸ್ಟ್ರೋವ್‌ಸ್ಕಿ ಈ ಪ್ರಶ್ನೆಯನ್ನು ಖಚಿತವಾಗಿ ಮುಂದಿಟ್ಟರು. 1966ರಲ್ಲಿ ವಿಕ್ಟರ್ ಪಾನ್, ಸಹಗುಣಕಗಳನ್ನು ಮೊದಲೇ ಹದಗೊಳಿಸಿ ಇಟ್ಟುಕೊಳ್ಳದಿದ್ದರೆ ಎಷ್ಟನೆಯ ಘಾತವೋ ಅಷ್ಟು ಗುಣಾಕಾರಗಳು ಬೇಕೇ ಬೇಕೆಂದು ಸಾಧಿಸಿ ತೋರಿಸಿದರು. ಕೇವಲ ಅನುಭವದಿಂದ ಕಂಡುಕೊಂಡ ಮಿತವ್ಯಯಕ್ಕೆ ಹೀಗೆ ಪ್ರಮಾಣದ ಮುದ್ರೆ ಬಿದ್ದಿತು. ಎಲ್ಲ ಸಹಗುಣಕಗಳೂ ಒಂದೇ ಆಗಿರುವ ಶ್ರೇಢಿ ಮಾತ್ರ ಇದಕ್ಕೆ ಹೊರತು. ಅಲ್ಲಿ ಮಹಾವೀರನ ಐದು ಗುಣಾಕಾರಗಳೂ ಒಂದು ಭಾಗಾಕಾರವೂ ಪಾನರ ಹನ್ನೆರಡನ್ನು ಮೀರಿಸುತ್ತವೆ.

ಇಂದಿನ ಗಣಕದಲ್ಲಿ ಈ ಕ್ರಮ ಕೆಲಸ ಮಾಡುವುದು ಸೈನ್, ಘಾತ, ಲಾಗರಿದಮ್‌ಗಳ ಬೆಲೆ ಕಾಣುವಾಗ ಮಾತ್ರವಲ್ಲ. ಹೆಸರುಗಳ ದೊಡ್ಡ ಪಟ್ಟಿಯಲ್ಲಿ ಒಂದು ಹೆಸರನ್ನು ಬೇಗ ಹುಡುಕುವುದಕ್ಕಾಗಿ ಪ್ರತಿ ಹೆಸರಿಗೂ ಒಂದು ಸಂಖ್ಯೆಯನ್ನು ಕಟ್ಟುವ ಪದ್ಧತಿಯಿದೆ. ಜಾವಾ ಭಾಷೆಯಲ್ಲಿ ಅಕ್ಷರಗಳ ಸಂಕೇತಸಂಖ್ಯೆಗಳನ್ನೇ ಸಹಗುಣಕಗಳಾಗಿ ಇಟ್ಟು, ಅವ್ಯಕ್ತಕ್ಕೆ 31 ಎಂಬ ಬೆಲೆ ಕೊಟ್ಟು ಇದನ್ನು ಮಾಡಲಾಗುತ್ತದೆ. ಗುಡಗೇರಿ ಎಂಬ ಹೆಸರು ಯೂನಿಕೋಡಿನಲ್ಲಿ ಗಕಾರ, ಉಕಾರದ ಕೊಂಬು, ಡಕಾರ, ಗಕಾರ, ಏತ್ವ, ರಕಾರ, ಗುಡಿಸು ಎಂಬ ಏಳು ಸಂಕೇತಗಳಾಗಿ ನಿಲ್ಲುವುದರಿಂದ ಅದು ಆರನೆಯ ಘಾತದ ಬಹುಪದೋಕ್ತಿ. ಗಕಾರದ ಸಂಖ್ಯೆ 3223. 31ರಿಂದ ಗುಣಿಸಿ ಕೊಂಬಿನ 3265 ಸೇರಿಸಿದರೆ 103178. ಮತ್ತೆ ಗುಣಿಸಿ ಡಕಾರದ 3233 ಸೇರಿಸಿದರೆ 3201751. ಮತ್ತೆ ಗುಣಿಸಿ ಗಕಾರವನ್ನು ಸೇರಿಸಿದರೆ 99257504. ಐದನೆಯ ಸಂಕೇತದ ಹೊತ್ತಿಗೆ ಮೊತ್ತವು ಮುನ್ನೂರು ಕೋಟಿಯನ್ನು ದಾಟಿ ಯಂತ್ರದ 32 ಬಿಟ್ಟಿನ ಮನೆಯಲ್ಲಿ ಹಿಡಿಯದಾಗುತ್ತದೆ; ಆಗ ಹೆಚ್ಚಾದ ಭಾಗವನ್ನು ಬಿಟ್ಟು ಶೇಷವನ್ನಷ್ಟೇ ಇಟ್ಟುಕೊಂಡು ಲೆಕ್ಕ ಮುಂದುವರಿಯುತ್ತದೆ.

ಒಳಸೇರಿಕೆಯ ಕ್ರಮಕ್ಕೆ ಒಂದು ಕೊರತೆಯೂ ಇದೆ. ಹಿಂದಿನ ಹೆಜ್ಜೆ ಮುಗಿಯದೆ ಮುಂದಿನದು ಆರಂಭವಾಗದು. ಒಂದೇ ಗಳಿಗೆಯಲ್ಲಿ ಹಲವು ಗುಣಾಕಾರಗಳನ್ನು ಮಾಡಬಲ್ಲ ಯಂತ್ರದ ಶಕ್ತಿ ಅಲ್ಲಿ ವ್ಯರ್ಥವಾಗುತ್ತದೆ. 1960ರಲ್ಲಿ ಜೆರಾಲ್ಡ್ ಎಸ್ಟ್ರಿನ್ ಸೂಚಿಸಿದ ಪರಿಹಾರವೆಂದರೆ ಸಹಗುಣಕಗಳನ್ನು ಎರಡೆರಡಾಗಿ ಜೋಡಿಸಿ, ಜೋಡಿಗಳ ಬೆಲೆಯನ್ನು ಒಟ್ಟಿಗೇ ಕಂಡು, ಅದೇ ಹೊತ್ತಿಗೆ ಅವ್ಯಕ್ತದ ವರ್ಗವನ್ನೂ ಕಟ್ಟಿ, ಆ ವರ್ಗದಿಂದ ಜೋಡಿಗಳನ್ನು ಮತ್ತೆ ಎರಡೆರಡಾಗಿ ಸೇರಿಸುವುದು. ಆದಿ 1, ಗುಣ 3, ಗಚ್ಛ 8 ಆದ ಶ್ರೇಢಿಗೆ ಇದನ್ನು ಹೊಂದಿಸಿದರೆ ಮೊದಲ ಸುತ್ತಿನಲ್ಲಿ ನಾಲ್ಕು ಜೋಡಿಗಳೂ 4 ಆಗುತ್ತವೆ, ಮೂರರ ವರ್ಗ 9 ಸಿದ್ಧವಾಗುತ್ತದೆ. ಎರಡನೆಯ ಸುತ್ತಿನಲ್ಲಿ ನಾಲ್ಕನ್ನು ಒಂಬತ್ತರಿಂದ ಗುಣಿಸಿ ನಾಲ್ಕು ಸೇರಿಸಿ ಎರಡು ಕಡೆಯೂ 40, ಒಂಬತ್ತರ ವರ್ಗ 81. ಮೂರನೆಯ ಸುತ್ತಿನಲ್ಲಿ 40ನ್ನು 81ರಿಂದ ಗುಣಿಸಿ 40 ಸೇರಿಸಿ 3280. ಏಳು ಹೆಜ್ಜೆಗಳ ಕೆಲಸ ಮೂರು ಸುತ್ತಿನಲ್ಲಿ ಮುಗಿಯಿತು. ಸುತ್ತುಗಳ ಎಣಿಕೆ ಎಂಟರ ಅರ್ಧಚ್ಛೇದ. ಸುತ್ತಿನಿಂದ ಸುತ್ತಿಗೆ ಕಟ್ಟಿದ 9, 81ಗಳು ಮಹಾವೀರನು ಸೊನ್ನೆಯ ಗುರುತಿಟ್ಟು ವರ್ಗ ಮಾಡಿಸಿದ ಸಂಖ್ಯೆಗಳೇ. ಜೋಡಿಗಳನ್ನು ಸೇರಿಸುವ ರೀತಿಯಾದರೋ 4095ರ ಲೆಕ್ಕದಲ್ಲಿ ಅವನು ಬಿಚ್ಚಿ ತೋರಿಸಿದ ಗುಣಿಸಿ ಕೂಡಿಸುವ ಕ್ರಮ.